ತಂತ್ರಾಂಶದ ಹೊದಿಕೆ ಮತ್ತು ಕನ್ನಡದ ಒತ್ತಕ್ಷರ

ಗಣಕಯಂತ್ರದಲ್ಲಿ ಕನ್ನಡದ ಬಳಕೆಯನ್ನು ಕುರಿತ ನಮ್ಮ ಚರ್ಚೆಗಳು ಬಹುಮಟ್ಟಿಗೆ ಮೂರು ವಿಷಯಗಳ ಸುತ್ತ ನಡೆದಿವೆ: ಕೀಲಿಮಣೆಯ ವಿನ್ಯಾಸ, ಅಕ್ಷರಶೈಲಿಗಳ ಏಕರೂಪತೆ ಮತ್ತು ಯೂನಿಕೋಡ್ ಸಂಕೇತವ್ಯವಸ್ಥೆ. ಕೆ. ಪಿ. ರಾವ್ ಅವರ ಧ್ವನಿಮೂಲ ಕೀಲಿಮಣೆ, ಶೇಷಾದ್ರಿವಾಸು ಚಂದ್ರಶೇಖರನ್ ಅವರು 1998ರಲ್ಲಿ ಹೊರತಂದ ‘ಬರಹ’, ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ಇವುಗಳ ಬಗೆಗೆ ಸಾಕಷ್ಟು ಬರವಣಿಗೆ ನಡೆದಿದೆ. ಇವೆಲ್ಲವೂ ಅಕ್ಷರವನ್ನು ಯಂತ್ರದೊಳಕ್ಕೆ ಕೊಂಡೊಯ್ಯುವ ಬಗೆಗೆ ಸಂಬಂಧಿಸಿದ ಪ್ರಯತ್ನಗಳು. ಒಳಹೋದ ಅಕ್ಷರ ತೆರೆಯ ಮೇಲೆ ಎಷ್ಟು ಜಾಗದಲ್ಲಿ, ಯಾವ ಚೌಕಟ್ಟಿನೊಳಗೆ ಕಾಣಿಸಿಕೊಳ್ಳಬೇಕೆಂಬುದನ್ನು ನಿರ್ಧರಿಸುವುದು ತಂತ್ರಾಂಶದ ಹೊರಮೈ. ಈ ಹೊರಮೈಯನ್ನು ಬಳಕೆದಾರನ ಇಷ್ಟಕ್ಕೆ ತಕ್ಕಂತೆ ಬದಲಿಸಲು ಸಾಧ್ಯವಾಗುವ ವ್ಯವಸ್ಥೆಗೆ ಗಣಕ ಪರಿಭಾಷೆಯಲ್ಲಿ ‘ಸ್ಕಿನ್’ ಅಥವಾ ‘ಥೀಮ್’ ಎಂಬ ಹೆಸರುಗಳಿವೆ. ಪ್ರಸ್ತುತ ಲೇಖನದಲ್ಲಿ ಇದನ್ನು ‘ಹೊದಿಕೆ’ ಎಂದು ಕರೆಯಲಾಗಿದೆ.

ಹೊದಿಕೆಯನ್ನು ಅಲಂಕಾರವೆಂದು ಭಾವಿಸಿ ಕಡೆಗಣಿಸುವುದು ವಾಡಿಕೆ. ಆದರೆ ಕನ್ನಡದಂತಹ ಲಿಪಿಯ ಪಾಲಿಗೆ ಅದು ಓದುವ ಹಕ್ಕಿನ ಪ್ರಶ್ನೆಯೂ ಆಗುತ್ತದೆ ಎಂಬುದನ್ನು ತೋರಿಸುವುದು, ಕನ್ನಡಕ್ಕೆ ಒಗ್ಗುವ ಹೊದಿಕೆಯನ್ನು ರಚಿಸುವ ಕ್ರಮವನ್ನು ವಿವರಿಸುವುದು ಈ ಲೇಖನದ ಉದ್ದೇಶ. ವಿವರಣೆಗೆ ಬೇಕಾದ ಮುಖ್ಯ ನಿದರ್ಶನಗಳು ಬೆಂಗಳೂರಿನ ಉತ್ತರಭಾಗದಲ್ಲೇ, ಯಶವಂತಪುರದಿಂದ ಜಾಲಹಳ್ಳಿಯವರೆಗಿನ ಕೆಲವೇ ಕಿಲೋಮೀಟರುಗಳ ಹರಹಿನಲ್ಲಿ ದೊರೆಯುತ್ತವೆ.

ಹೊದಿಕೆ ಎಂದರೇನು?

ಯಾವುದೇ ಉಪಕರಣದಲ್ಲಿ ಕೆಲಸ ಮಾಡುವ ಭಾಗ ಮತ್ತು ಕಾಣುವ ಭಾಗ ಎಂದು ಎರಡು ಪದರಗಳನ್ನು ಗುರುತಿಸಬಹುದು. ಜಾಲಹಳ್ಳಿಯ ಎಚ್‌ಎಂಟಿ ಕಾರ್ಖಾನೆಯ ಕೈಗಡಿಯಾರ ಇದಕ್ಕೆ ಪರಿಚಿತ ಉದಾಹರಣೆ. 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದೊಡನೆ ಆರಂಭವಾದ ಈ ಉದ್ಯಮ, 2016ರ ಜನವರಿಯಲ್ಲಿ ಕೇಂದ್ರ ಸರ್ಕಾರ ಅದನ್ನು ಮುಚ್ಚುವ ನಿರ್ಧಾರ ಕೈಗೊಳ್ಳುವವರೆಗೂ ನಾನಾ ಬಗೆಯ ಗಡಿಯಾರಗಳನ್ನು ದೇಶಕ್ಕೆ ನೀಡಿತು. ಒಳಗಿನ ಚಕ್ರಗಳ ಜೋಡಣೆಯನ್ನು ಬದಲಿಸದೆ ಮುಖಫಲಕವನ್ನಷ್ಟೇ ಬದಲಿಸಿದರೆ ಬೇರೊಂದು ಗಡಿಯಾರ ಕೈಗೆ ಬಂದಂತಾಗುತ್ತದೆ. ಅಂಕಿಗಳು ರೋಮನ್ ಇರಲಿ, ದೇವನಾಗರಿ ಇರಲಿ, ಮುಳ್ಳುಗಳು ತೋರಿಸುವ ಹೊತ್ತು ಒಂದೇ.

ಜಾಲಹಳ್ಳಿಯಲ್ಲೇ 1954ರಲ್ಲಿ ಸ್ಥಾಪನೆಗೊಂಡ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು ತಯಾರಿಸುತ್ತ ಬಂದಿರುವ ವಿದ್ಯುನ್ಮಾನ ಮತಯಂತ್ರದಲ್ಲಿ ಈ ತತ್ವ ಇನ್ನೂ ನಿಚ್ಚಳವಾಗಿದೆ. ಮತದಾರನ ಎದುರಿಗಿರುವ ಘಟಕದಲ್ಲಿ ಅಭ್ಯರ್ಥಿಗಳ ಹೆಸರು ಮತ್ತು ಚಿಹ್ನೆಗಳಿರುವ ಮತಪತ್ರವನ್ನು ಪಾರದರ್ಶಕ ಹಾಳೆಯ ಕೆಳಗೆ ಇರಿಸಲಾಗುತ್ತದೆ. ಒತ್ತಲಾದ ಗುಂಡಿಯ ಕ್ರಮಸಂಖ್ಯೆಯನ್ನು ಮಾತ್ರ ಯಂತ್ರ ಗ್ರಹಿಸುತ್ತದೆ. ಗುಂಡಿಯ ಪಕ್ಕದ ಹೆಸರು ಕನ್ನಡದಲ್ಲಿದೆಯೋ ಬಂಗಾಳಿಯಲ್ಲಿದೆಯೋ ಎಂಬುದು ಅದಕ್ಕೆ ಬೇಕಿಲ್ಲ. ಹಾಗಾಗಿಯೇ 2004ರ ಲೋಕಸಭಾ ಚುನಾವಣೆಯಲ್ಲಿ ದೇಶದ ಎಲ್ಲ ಕ್ಷೇತ್ರಗಳಲ್ಲಿ, ಎಲ್ಲ ಲಿಪಿಗಳಲ್ಲಿ ಇಂತಹ ಯಂತ್ರಗಳನ್ನು ಬಳಸುವುದು ಸಾಧ್ಯವಾಯಿತು. ಕ್ರಿಯೆಯಿಂದ ರೂಪವನ್ನು ಬೇರ್ಪಡಿಸುವುದು, ರೂಪವನ್ನು ಸ್ಥಳೀಯವಾಗಿ ಬದಲಿಸಲು ಅವಕಾಶ ಕೊಡುವುದು ಹೊದಿಕೆಯ ಮೂಲತತ್ವ.

ಚಿತ್ರದಿಂದ ರೂಪಿಸಿದ ಹೊದಿಕೆ

ತಂತ್ರಾಂಶದಲ್ಲಿ ಈ ತತ್ವವನ್ನು ಸಾಮಾನ್ಯ ಬಳಕೆದಾರರಿಗೆ ಪರಿಚಯಿಸಿದ್ದು 1990ರ ದಶಕದ ಕೊನೆಯಲ್ಲಿ ಜನಪ್ರಿಯವಾದ ‘ವಿನ್ಯಾಂಪ್’ ಎಂಬ ಸಂಗೀತ ನುಡಿಸುವ ತಂತ್ರಾಂಶ. ಇದರ ಹೊದಿಕೆಯನ್ನು ರಚಿಸಲು ಕ್ರಮವಿಧಿ ಬರೆಯುವ ಜ್ಞಾನ ಬೇಕಿರಲಿಲ್ಲ, ಚಿತ್ರ ಬಿಡಿಸುವ ಸಾಧನವೊಂದಿದ್ದರೆ ಸಾಕಿತ್ತು. ಮುಖ್ಯ ಕಿಟಕಿಯ ಹಿನ್ನೆಲೆಗೆ 275 ಪಿಕ್ಸೆಲ್ ಅಗಲ, 116 ಪಿಕ್ಸೆಲ್ ಎತ್ತರದ ಒಂದು ಚಿತ್ರ. ನುಡಿಸು, ನಿಲ್ಲಿಸು ಮುಂತಾದ ಗುಂಡಿಗಳಿಗೆ ಇನ್ನೊಂದು. ಹೊತ್ತು ತೋರಿಸುವ ಅಂಕಿಗಳಿಗೆ ಮತ್ತೊಂದು. ಹಾಡಿನ ಹೆಸರನ್ನು ತೋರಿಸುವ ಅಕ್ಷರಗಳಿಗೆ ಬೇರೊಂದು. ಗುಂಡಿಗಳ ಚಿತ್ರದಲ್ಲಿ ಎರಡು ಸಾಲುಗಳಿದ್ದು, ಮೇಲಿನದು ಸಹಜಸ್ಥಿತಿಯನ್ನೂ ಕೆಳಗಿನದು ಒತ್ತಿದ ಸ್ಥಿತಿಯನ್ನೂ ತೋರಿಸುತ್ತಿದ್ದವು. ಈ ಚಿತ್ರಗಳನ್ನೆಲ್ಲ ಒಂದು ಕಂತೆಯಾಗಿ ಕುಗ್ಗಿಸಿ ಕಡತದ ಹೆಸರನ್ನು ಬದಲಿಸಿದರೆ ಹೊದಿಕೆ ಸಿದ್ಧ. ಜಗತ್ತಿನ ಎಲ್ಲೆಡೆಯಿಂದ ಹವ್ಯಾಸಿಗಳು ಇಂತಹ ಹೊದಿಕೆಗಳನ್ನು ಹತ್ತಾರು ಸಾವಿರ ಸಂಖ್ಯೆಯಲ್ಲಿ ರಚಿಸಿದರು.

ಕನ್ನಡಿಗನೊಬ್ಬ ಇದಕ್ಕೆ ಕನ್ನಡದ ಹೊದಿಕೆ ಮಾಡಲು ಹೊರಟರೆ ಏನಾಗುತ್ತದೆ ಎಂಬುದು ಇಲ್ಲಿ ವಿಚಾರಣೀಯ. ಅಂಕಿಗಳ ವಿಷಯದಲ್ಲಿ ತೊಡಕಿಲ್ಲ. ಪ್ರತಿ ಅಂಕಿಗೂ 9 ಪಿಕ್ಸೆಲ್ ಅಗಲ, 13 ಪಿಕ್ಸೆಲ್ ಎತ್ತರದ ಮನೆಯೊಂದು ಗೊತ್ತಾಗಿದೆ. ಅಲ್ಲಿ 0, 1, 2ರ ಬದಲು ೦, ೧, ೨ ಎಂದು ಬರೆದರೆ ಹಾಡಿನ ಹೊತ್ತು ಕನ್ನಡ ಅಂಕಿಗಳಲ್ಲೇ ಓಡುತ್ತದೆ. ಅಕ್ಷರಗಳ ವಿಷಯ ಹೀಗಲ್ಲ. ರೋಮನ್ ವರ್ಣಮಾಲೆಯ ಒಂದೊಂದು ಅಕ್ಷರಕ್ಕೂ 5 ಪಿಕ್ಸೆಲ್ ಅಗಲ, 6 ಪಿಕ್ಸೆಲ್ ಎತ್ತರದ ಮನೆ ಮಾತ್ರ ಮೀಸಲು. ಮೂವತ್ತು ಚುಕ್ಕಿಗಳೊಳಗೆ ರೋಮನ್ ಅಕ್ಷರವನ್ನು ಹೇಗೋ ಮೂಡಿಸಬಹುದು. ಕನ್ನಡದ ‘ಕ’ಕಾರವನ್ನೇ ಅಲ್ಲಿ ಸ್ಪಷ್ಟವಾಗಿ ಬಿಡಿಸುವುದು ಕಷ್ಟ. ಅದಕ್ಕೆ ಗುಣಿತವೂ ಒತ್ತೂ ಸೇರಿದರೆ ಮನೆ ಸಾಲುವುದೇ ಇಲ್ಲ.

ಅಂಕಿಗೂ ಅಕ್ಷರಕ್ಕೂ ಇರುವ ಈ ವ್ಯತ್ಯಾಸಕ್ಕೆ ಕಾರಣ ಸ್ಪಷ್ಟ. ಕನ್ನಡದ ಅಂಕಿಗಳು ಒಂದರ ಪಕ್ಕದಲ್ಲಿ ಒಂದು ಬಿಡಿಯಾಗಿ ನಿಲ್ಲುತ್ತವೆ. ಅಕ್ಷರಗಳಾದರೋ ನೆರೆಯ ಅಕ್ಷರದೊಡನೆ ಕೂಡಿ ರೂಪ ಬದಲಿಸುತ್ತವೆ. ಯೂನಿಕೋಡ್ ವ್ಯವಸ್ಥೆಯಲ್ಲಿ ‘ರಾಷ್ಟ್ರ’ ಎಂಬ ಪದ ಏಳು ಸಂಕೇತಗಳ ಸರಣಿ. ತೆರೆಯ ಮೇಲೆ ಅದು ಕಾಣಬೇಕಾದದ್ದು ಎರಡೇ ಅಕ್ಷರಗಳಾಗಿ. ಈ ಕೂಡಿಕೆಯನ್ನು ಲೆಕ್ಕ ಹಾಕಿ ಮೂಡಿಸುವುದು ಕಾರ್ಯಾಚರಣ ವ್ಯವಸ್ಥೆಯ ಲಿಪಿಜೋಡಣೆಯ ಭಾಗ. ವಿಂಡೋಸ್‌ನಲ್ಲಿ ಕನ್ನಡಕ್ಕೆ ಈ ಸೌಲಭ್ಯ 2001ರ ಎಕ್ಸ್‌ಪಿ ಆವೃತ್ತಿಯೊಡನೆ, ‘ತುಂಗಾ’ ಎಂಬ ಅಕ್ಷರಶೈಲಿಯ ಜೊತೆಯಲ್ಲಿ ಬಂದಿತು. ಅಕ್ಷರವನ್ನು ಚಿತ್ರದ ಚೂರಾಗಿ ಇಟ್ಟುಕೊಂಡ ಹೊದಿಕೆಯು ಈ ಲಿಪಿಜೋಡಣೆಯನ್ನು ಬಳಸಿಕೊಳ್ಳುವುದೇ ಇಲ್ಲ. ಆದುದರಿಂದ ಕನ್ನಡದ ಹೊದಿಕೆಗೆ ಸಂಬಂಧಿಸಿದ ಮೊದಲ ಸೂತ್ರವನ್ನು ಹೀಗೆ ಹೇಳಬಹುದು: ಬರಹವನ್ನು ಚಿತ್ರದೊಳಗೆ ಕೂಡಿಹಾಕಬಾರದು.

ಒತ್ತಕ್ಷರದ ಎತ್ತರ

ಬರಹವನ್ನು ಚಿತ್ರದಿಂದ ಬಿಡಿಸಿದ ಮಾತ್ರಕ್ಕೆ ಸಮಸ್ಯೆ ಮುಗಿಯುವುದಿಲ್ಲ. ಎರಡನೆಯ ತೊಡಕು ಚೌಕಟ್ಟಿನ ಎತ್ತರದ್ದು. ರೋಮನ್ ಲಿಪಿಯಲ್ಲಿ ಸಾಲಿನ ಆಧಾರರೇಖೆಗಿಂತ ಕೆಳಗೆ ಇಳಿಯುವ ಅಕ್ಷರಗಳು ಕೆಲವೇ, ಇಳಿಯುವುದೂ ಸ್ವಲ್ಪವೇ. ಕನ್ನಡದಲ್ಲಿ ಆಧಾರರೇಖೆಯ ಕೆಳಗೆ ಇಡೀ ವ್ಯಂಜನವೊಂದು ಒತ್ತಾಗಿ ಕುಳಿತುಕೊಳ್ಳುತ್ತದೆ. ಎರಡು ಒತ್ತುಗಳು ಸೇರುವ ಪ್ರಸಂಗಗಳೂ ಉಂಟು. ಅಚ್ಚುಮೊಳೆಗಳ ಕಾಲದಲ್ಲಿ ಮೊಳೆ ಜೋಡಿಸುವವರು ಒತ್ತಿಗಾಗಿ ಪ್ರತ್ಯೇಕ ಮೊಳೆಗಳನ್ನಿಟ್ಟುಕೊಂಡು, ಸಾಲುಗಳ ನಡುವೆ ಜಾಗ ಬಿಟ್ಟು ಈ ಅಗತ್ಯವನ್ನು ಪೂರೈಸುತ್ತಿದ್ದರು. ತಂತ್ರಾಂಶದ ಹೊದಿಕೆಯನ್ನು ರೋಮನ್ ಲಿಪಿಯ ಅಳತೆಗೆ ರೂಪಿಸಿದಾಗ ಆ ಜಾಗ ಇಲ್ಲವಾಗುತ್ತದೆ. ಗುಂಡಿಯ ಅಥವಾ ಪಟ್ಟಿಯ ಕೆಳಅಂಚು ಒತ್ತನ್ನು ಕತ್ತರಿಸಿಬಿಡುತ್ತದೆ.

ಒತ್ತು ಮರೆಯಾದರೆ ಪದ ಅಂದಗೆಡುವುದಷ್ಟೇ ಅಲ್ಲ, ಬೇರೆ ಪದವೇ ಆಗುವುದುಂಟು. ‘ಮಗ್ಗ’ ಎಂಬುದು ‘ಮಗ’ ಆಗುತ್ತದೆ, ‘ಕತ್ತೆ’ ಎಂಬುದು ‘ಕತೆ’ ಆಗುತ್ತದೆ. ‘ಲಕ್ಷ್ಮಮ್ಮ’ ಎಂಬ ಹೆಸರು ‘ಲಕಮ’ ಎಂದು ಕಾಣುತ್ತದೆ. ಜಾಲಹಳ್ಳಿ ‘ಜಾಲಹಳಿ’ಯೂ ಹೆಬ್ಬಾಳ ‘ಹೆಬಾಳ’ವೂ ಆಗುತ್ತವೆ. ಸಂಗ್ರಹದಲ್ಲಿರುವ ದತ್ತಾಂಶ ಸರಿಯಾಗಿಯೇ ಇದ್ದು, ನೋಡುವವನ ಕಣ್ಣಿಗೆ ಮಾತ್ರ ತಪ್ಪಾಗಿರುವುದು ಈ ದೋಷದ ವಿಶೇಷ. ದತ್ತಾಂಶವನ್ನು ಪರಿಶೀಲಿಸುವ ಯಾವ ವಿಧಾನವೂ ಇದನ್ನು ಹಿಡಿಯಲಾರದು.

ಇದರ ಗಾಂಭೀರ್ಯವನ್ನು ಅರಿಯಲು ಕರ್ನಾಟಕದ ‘ಭೂಮಿ’ ಯೋಜನೆಯನ್ನು ನೆನೆಯಬಹುದು. 2001ರ ಹೊತ್ತಿಗೆ ರಾಜ್ಯದ ತಾಲ್ಲೂಕು ಕಚೇರಿಗಳಲ್ಲಿ ಜಾರಿಗೆ ಬಂದ ಈ ಯೋಜನೆಯಡಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿ ದಾಖಲೆಗಳು ಗಣಕೀಕರಣಗೊಂಡವು. ಕೌಂಟರಿನಲ್ಲಿ ಸಿಬ್ಬಂದಿಯ ಮುಂದೆ ಒಂದು ತೆರೆಯಿದ್ದರೆ, ನಡೆಯುತ್ತಿರುವ ಕೆಲಸವನ್ನು ರೈತನೂ ಕಾಣಲೆಂದು ಅವನ ಕಡೆಗೆ ಮುಖಮಾಡಿದ ಎರಡನೆಯ ತೆರೆಯನ್ನೂ ಇರಿಸಲಾಯಿತು. ಈ ಎರಡನೆಯ ತೆರೆಯ ಹಿಂದಿರುವ ಆಶಯ ದೊಡ್ಡದು. ತನ್ನ ಹೆಸರು, ಸರ್ವೆ ನಂಬರು, ಹಿಡುವಳಿಯ ವಿಸ್ತೀರ್ಣ ಸರಿಯಾಗಿವೆಯೇ ಎಂದು ಜಮೀನಿನ ಒಡೆಯನೇ ನೋಡಿ ತಿಳಿಯಬೇಕು ಎಂಬುದು ಅದರ ಉದ್ದೇಶ. ಇಂತಹ ಕಡೆಗಳಲ್ಲಿ ತೆರೆಯ ಮೇಲಿನ ಒಂದು ಪಟ್ಟಿ ನಾಲ್ಕು ಪಿಕ್ಸೆಲ್‌ಗಳಷ್ಟು ಗಿಡ್ಡದಾದರೂ ಆ ಪರಿಶೀಲನೆ ವ್ಯರ್ಥವಾಗುತ್ತದೆ. ಲಕ್ಷ್ಮಮ್ಮ ತನ್ನ ಹೆಸರನ್ನು ಗುರುತಿಸಲಾರಳು. ಗುರುತಿಸಲಾರದುದಕ್ಕೆ ತನ್ನ ಓದಿನ ಕೊರತೆಯೇ ಕಾರಣವೆಂದು ಸುಮ್ಮನಾಗಲೂಬಹುದು.

ಸಿಂಪ್ಯೂಟರಿನ ಪಾಠ

ಹೊರಮೈಯನ್ನು ಭಾರತೀಯ ಭಾಷೆಗಳಿಗಾಗಿ ಮೊದಲಿನಿಂದಲೇ ಯೋಚಿಸಿ ರೂಪಿಸಿದ ಪ್ರಯತ್ನವೊಂದು ಈ ಪ್ರದೇಶದಲ್ಲೇ ನಡೆಯಿತು. ಯಶವಂತಪುರದ ನೆರೆಯಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಗಣಕವಿಜ್ಞಾನಿಗಳು ಮತ್ತು ಎನ್‌ಕೋರ್ ಸಂಸ್ಥೆಯ ತಂತ್ರಜ್ಞರು ಸೇರಿ ರಚಿಸಿಕೊಂಡ ಸಿಂಪ್ಯೂಟರ್ ಟ್ರಸ್ಟ್, ಅಂಗೈಯಲ್ಲಿ ಹಿಡಿಯಬಹುದಾದ ಅಗ್ಗದ ಗಣಕವೊಂದನ್ನು ರೂಪಿಸಿ 2001ರ ಏಪ್ರಿಲ್‌ನಲ್ಲಿ ಸಾರ್ವಜನಿಕರ ಮುಂದಿಟ್ಟಿತು. ಇದರ ಒಂದು ರೂಪವಾದ ‘ಅಮಿಡಾ’ವನ್ನು ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿತು. 2004ರಲ್ಲಿ ಅದು ಮಾರುಕಟ್ಟೆಗೆ ಬಂದಿತು.

ಸಿಂಪ್ಯೂಟರಿನ ತೆರೆಯ ಅಳತೆ 320 × 240 ಪಿಕ್ಸೆಲ್. ಕೀಲಿಮಣೆ ಇರಲಿಲ್ಲ, ಕಡ್ಡಿಯಿಂದ ಮುಟ್ಟಿ ಬಳಸಬೇಕಿತ್ತು. ಇದಕ್ಕಾಗಿ ಎಕ್ಸ್‌ಎಂಎಲ್ ನಿಯಮಗಳನ್ನು ಅನುಸರಿಸುವ ‘ಐಎಂಎಲ್’ ಎಂಬ ಗುರುತುಭಾಷೆಯನ್ನು ರೂಪಿಸಲಾಯಿತು. ಇಂತಹ ಗುರುತುಭಾಷೆಯಲ್ಲಿ ವಿಷಯವನ್ನು ಸಿದ್ಧಪಡಿಸುವವನು ಇದು ಶೀರ್ಷಿಕೆ, ಇದು ಆಯ್ಕೆಯ ಪಟ್ಟಿ, ಇದು ಉತ್ತರ ತುಂಬುವ ಜಾಗ ಎಂದಷ್ಟೇ ಗುರುತು ಮಾಡುತ್ತಾನೆ. ಅವುಗಳನ್ನು ತೆರೆಯ ಮೇಲೆ ಮೂಡಿಸುವ ಹೊಣೆ ಉಪಕರಣದ್ದು. ಓದು ಬಾರದವರಿಗಾಗಿ ಬರಹವನ್ನು ಗಟ್ಟಿಯಾಗಿ ಉಚ್ಚರಿಸುವ ‘ಧ್ವನಿ’ ಎಂಬ ತಂತ್ರಾಂಶವೂ ಇದರೊಡನೆ ರೂಪುಗೊಂಡಿತು. ಅದರ ಆರಂಭದ ಭಾಷೆಗಳಲ್ಲಿ ಕನ್ನಡವೂ ಒಂದು. ಬರಹ ಚಿತ್ರವಾಗಿಬಿಟ್ಟಿದ್ದರೆ ಅದನ್ನು ಓದಿ ಹೇಳುವುದು ಯಾವ ತಂತ್ರಾಂಶಕ್ಕೂ ಸಾಧ್ಯವಾಗುತ್ತಿರಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಹಲವರು ಒಂದೇ ಉಪಕರಣವನ್ನು ಹಂಚಿಕೊಂಡು, ತಮ್ಮ ತಮ್ಮ ಸ್ಮಾರ್ಟ್ ಕಾರ್ಡುಗಳಲ್ಲಿ ಸ್ವಂತ ಮಾಹಿತಿಯನ್ನು ಇಟ್ಟುಕೊಳ್ಳುವ ಏರ್ಪಾಡೂ ಇತ್ತು.

ವ್ಯಾಪಾರದ ದೃಷ್ಟಿಯಿಂದ ಸಿಂಪ್ಯೂಟರ್ ನಿರೀಕ್ಷಿತ ಯಶಸ್ಸು ಪಡೆಯಲಿಲ್ಲ. ಆದರೆ ಅದು ಎತ್ತಿದ ಪ್ರಶ್ನೆಗೆ ಇಂದಿಗೂ ಬೆಲೆಯಿದೆ. ವಿದೇಶಿ ಉಪಕರಣದ ಮೇಲೆ ಕನ್ನಡವನ್ನು ಆಮೇಲೆ ಹೊದಿಸುವುದು ಒಂದು ಬಗೆ. ಭಾಷೆ ಬದಲಾಗುತ್ತದೆಂಬ ಅರಿವಿನಿಂದಲೇ ಹೊರಮೈಯನ್ನು ರಚಿಸುವುದು ಇನ್ನೊಂದು ಬಗೆ. ಎರಡನೆಯದು ಇಲ್ಲಿನ ವಿಜ್ಞಾನಿಗಳು ತೋರಿದ ದಾರಿ.

ಹೊದಿಕೆ ರಚಿಸುವ ಕ್ರಮ

ಮೇಲಿನ ವಿವೇಚನೆಯ ಬೆಳಕಿನಲ್ಲಿ ಕನ್ನಡಕ್ಕೆ ಒಗ್ಗುವ ಹೊದಿಕೆಯೊಂದನ್ನು ರಚಿಸುವ ಹಂತಗಳನ್ನು ಹೀಗೆ ನಿರೂಪಿಸಬಹುದು.

ಮೊದಲನೆಯದಾಗಿ, ತಂತ್ರಾಂಶದ ಮುಖದಲ್ಲಿರುವ ಎಲ್ಲ ಅಂಗಗಳ ಪಟ್ಟಿ ಮಾಡಬೇಕು: ಶೀರ್ಷಿಕೆಪಟ್ಟಿ, ಗುಂಡಿ, ಆಯ್ಕೆಪಟ್ಟಿ, ಬರಹ ತುಂಬುವ ಚೌಕ, ಜಾರುಪಟ್ಟಿ ಇತ್ಯಾದಿ. ಪ್ರತಿ ಅಂಗಕ್ಕೂ ಸಹಜ, ಸೂಚಕ ಮೇಲಿರುವ, ಒತ್ತಿದ ಮತ್ತು ನಿಷ್ಕ್ರಿಯ ಎಂಬ ಕನಿಷ್ಠ ನಾಲ್ಕು ಸ್ಥಿತಿಗಳನ್ನು ಕಲ್ಪಿಸಬೇಕು. ಒಂದು ಸ್ಥಿತಿಯನ್ನು ಮರೆತರೂ ಬಳಕೆದಾರನಿಗೆ ತಾನು ಒತ್ತಿದ್ದು ಯಂತ್ರಕ್ಕೆ ತಲುಪಿತೋ ಇಲ್ಲವೋ ತಿಳಿಯುವುದಿಲ್ಲ.

ಎರಡನೆಯದಾಗಿ, ಹಿನ್ನೆಲೆಯ ಚಿತ್ರಗಳನ್ನು ಹಿಗ್ಗುವಂತೆ ರಚಿಸಬೇಕು. ಇದಕ್ಕೆ ರೂಢಿಯಲ್ಲಿರುವ ವಿಧಾನವೆಂದರೆ ಚಿತ್ರವನ್ನು ಮೂರು ಸಾಲು, ಮೂರು ಕಂಬಗಳ ಒಂಬತ್ತು ತುಂಡುಗಳಾಗಿ ವಿಭಾಗಿಸುವುದು. ನಾಲ್ಕು ಮೂಲೆಗಳು ಇದ್ದಂತೆಯೇ ಉಳಿಯುತ್ತವೆ, ಅಂಚುಗಳು ಒಂದೇ ದಿಕ್ಕಿನಲ್ಲಿ ಹಿಗ್ಗುತ್ತವೆ, ನಡುವಿನ ತುಂಡು ಎರಡೂ ದಿಕ್ಕುಗಳಲ್ಲಿ ಹಿಗ್ಗುತ್ತದೆ. ಹೀಗೆ ಮಾಡಿದ ಗುಂಡಿ ‘ಉಳಿಸು’ ಎಂಬ ಮೂರಕ್ಷರಕ್ಕೂ ‘ಮುದ್ರಣ ಮುನ್ನೋಟ’ ಎಂಬ ದೀರ್ಘಪದಕ್ಕೂ ಸಮನಾಗಿ ಒದಗುತ್ತದೆ.

ಮೂರನೆಯದಾಗಿ, ಎತ್ತರವನ್ನು ಕನ್ನಡದ ಅತಿ ಎತ್ತರದ ಅಕ್ಷರಗುಚ್ಛದಿಂದ ಅಳೆಯಬೇಕು. ‘ಲಕ್ಷ್ಮಮ್ಮ’, ‘ರಾಷ್ಟ್ರೀಯ’, ‘ವೈಶಿಷ್ಟ್ಯ’, ‘ಜ್ಯೋತ್ಸ್ನಾ’ ಮುಂತಾದ ಪದಗಳನ್ನು ಪರೀಕ್ಷಾಪದಗಳಾಗಿ ಇಟ್ಟುಕೊಂಡು, ಅವು ಮೇಲೆ ಕೆಳಗೆ ಎಲ್ಲೂ ತುಂಡಾಗದೆ ಕಾಣುವವರೆಗೆ ಚೌಕಟ್ಟನ್ನು ಸರಿಪಡಿಸಬೇಕು. ‘ಮನೆ’, ‘ಕಡತ’ದಂತಹ ಒತ್ತಿಲ್ಲದ ಪದಗಳಿಂದ ಪರೀಕ್ಷಿಸಿ ತೃಪ್ತಿಪಡುವುದು ತಪ್ಪು.

ನಾಲ್ಕನೆಯದಾಗಿ, ರೋಮನ್ ಲಿಪಿಯ ರೂಢಿಗಳನ್ನು ವಿವೇಚಿಸಿ ಕೈಬಿಡಬೇಕು. ಕನ್ನಡದಲ್ಲಿ ದೊಡ್ಡಕ್ಷರ ಸಣ್ಣಕ್ಷರಗಳ ಭೇದವಿಲ್ಲ. ಆದುದರಿಂದ ಶೀರ್ಷಿಕೆಯನ್ನು ಎತ್ತಿ ತೋರಿಸಲು ಗಾತ್ರ, ದಪ್ಪ ಅಥವಾ ಬಣ್ಣವನ್ನು ಆಶ್ರಯಿಸಬೇಕು. ಪದದ ಕೆಳಗೆ ಎಳೆದ ಅಡಿಗೆರೆ ಒತ್ತಕ್ಷರದ ನಡುವೆ ಹಾದು ಅದನ್ನು ಅಳಿಸಿದಂತೆ ಮಾಡುತ್ತದೆ. ಆಯ್ಕೆಪಟ್ಟಿಗಳಲ್ಲಿ ಕೀಲಿಯ ಸುಳಿವಿಗಾಗಿ ಒಂದು ಅಕ್ಷರಕ್ಕೆ ಅಡಿಗೆರೆ ಎಳೆಯುವ ರೂಢಿ ಕನ್ನಡಕ್ಕೆ ಒಗ್ಗದೆ, ‘ಗ್ನೋಮ್’ ಪರಿಸರದ ಕನ್ನಡ ಅನುವಾದದಲ್ಲಿ ‘ಕಡತ’ ಎಂಬ ಪದದ ಮುಂದೆ ‘ಎಫ್’ ಎಂಬ ರೋಮನ್ ಅಕ್ಷರವನ್ನು ಕಂಸದಲ್ಲಿ ಕೊಡಬೇಕಾಗಿ ಬಂದಿತು. ಹೊದಿಕೆ ರಚಿಸುವವನು ಈ ಹೆಚ್ಚಿನ ಅಗಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

ಐದನೆಯದಾಗಿ, ಬಣ್ಣಗಳ ಆಯ್ಕೆಯಲ್ಲಿ ಓದುವಿಕೆಗೆ ಆದ್ಯತೆಯಿರಬೇಕು. 2008ರಲ್ಲಿ ಪ್ರಕಟವಾದ ಜಾಲ ಸುಗಮತೆಯ ಅಂತರರಾಷ್ಟ್ರೀಯ ಮಾರ್ಗಸೂಚಿಯ ಎರಡನೆಯ ಆವೃತ್ತಿ, ಸಾಮಾನ್ಯ ಗಾತ್ರದ ಬರಹಕ್ಕೂ ಹಿನ್ನೆಲೆಗೂ ನಡುವೆ ಕನಿಷ್ಠ 4.5:1ರಷ್ಟು ಹೊಳಪಿನ ಅಂತರವಿರಬೇಕೆಂದು ಸೂಚಿಸಿತು. ಒತ್ತು ಮತ್ತು ಗುಣಿತಚಿಹ್ನೆಗಳ ಗೆರೆಗಳು ಸಣ್ಣವಾಗಿರುವ ಕನ್ನಡದಲ್ಲಿ ಈ ಕನಿಷ್ಠವನ್ನು ಮೀರಿದಷ್ಟೂ ಒಳ್ಳೆಯದು.

ಕೊನೆಯದಾಗಿ, ಬರಹವು ಹೊದಿಕೆಯ ಹೊರಗಿದ್ದಾಗ ಮಾತ್ರ ಭಾಷೆಯ ತಿದ್ದುಪಡಿ ಸುಲಭ. ಗುಂಡಿಯ ಮೇಲೆ ‘ಉಳಿಸು’ ಎಂದಿರಬೇಕೋ ‘ಉಳಿಸಿ’ ಎಂದಿರಬೇಕೋ ಎಂಬ ಪ್ರಶ್ನೆಯನ್ನೇ ನೋಡಬಹುದು. ಬಳಕೆದಾರನು ಯಂತ್ರಕ್ಕೆ ಕೊಡುವ ಆಜ್ಞೆ ಅದೆಂದು ತಿಳಿದರೆ ಏಕವಚನ ಸಾಕು. ಯಂತ್ರವೇ ಬಳಕೆದಾರನನ್ನು ಕೇಳಿಕೊಳ್ಳುವಲ್ಲಿ ‘ಹೆಸರನ್ನು ನಮೂದಿಸಿ’ ಎಂಬ ಗೌರವದ ರೂಪ ಬೇಕು. ಇಂತಹ ಸೂಕ್ಷ್ಮಗಳನ್ನು ಬಲ್ಲವರು ಭಾಷಾತಜ್ಞರು. ಅವರು ಪದ ತಿದ್ದಿದಾಗಲೆಲ್ಲ ಚಿತ್ರಕಾರನು ಚಿತ್ರ ತಿದ್ದಬೇಕಾದರೆ ಆ ತಿದ್ದುಪಡಿ ಎಂದೂ ನಡೆಯುವುದಿಲ್ಲ.

ಇತ್ತೀಚಿನ ಬೆಳವಣಿಗೆ

ಕಳೆದ ಎರಡು ದಶಕಗಳಲ್ಲಿ ಹೊದಿಕೆಯ ತಂತ್ರ ಚಿತ್ರದಿಂದ ನಿಯಮದ ಕಡೆಗೆ ಸಾಗಿದೆ. 2011ರಲ್ಲಿ ಬಂದ ‘ಜಿಟಿಕೆ’ಯ ಮೂರನೆಯ ಆವೃತ್ತಿಯಲ್ಲಿ ಕಿಟಕಿಗಳ ರೂಪವನ್ನು ಜಾಲಪುಟಗಳ ಶೈಲಿನಿಯಮಗಳನ್ನು ಹೋಲುವ ಬರಹದಿಂದ ನಿರ್ದೇಶಿಸುವ ಪದ್ಧತಿ ನೆಲೆಗೊಂಡಿತು. ಫೈರ್‌ಫಾಕ್ಸ್ ತನ್ನ ಇಡೀ ಮುಖವನ್ನು ಬದಲಿಸಬಲ್ಲ ಹಳೆಯ ಹೊದಿಕೆಗಳಿಗೆ 2017ರ ನವೆಂಬರಿನ 57ನೆಯ ಆವೃತ್ತಿಯಲ್ಲಿ ವಿದಾಯ ಹೇಳಿ, ಬಣ್ಣ ಮತ್ತು ಹಿನ್ನೆಲೆಗಳಿಗೆ ಬಹುಮಟ್ಟಿಗೆ ಸೀಮಿತವಾದ ಹೊದಿಕೆಗಳನ್ನು ಉಳಿಸಿಕೊಂಡಿತು. ಹವ್ಯಾಸಿಯ ಸ್ವಾತಂತ್ರ್ಯ ಇದರಿಂದ ಕುಗ್ಗಿತು. ಆದರೆ ಬರಹ ಚಿತ್ರದ ಸೆರೆಯಿಂದ ಹೊರಬಂದುದರಿಂದ ಕನ್ನಡಕ್ಕೆ ಆದದ್ದು ಲಾಭವೇ.

ಎತ್ತರದ ಸಮಸ್ಯೆ ಅಷ್ಟು ಬೇಗ ಬಗೆಹರಿಯಲಿಲ್ಲ. ಆಂಡ್ರಾಯ್ಡ್ ಫೋನುಗಳಲ್ಲಿ ರೋಮನ್ ಲಿಪಿಗಾಗಿ ಅಳೆದ ಪಟ್ಟಿಗಳು ಕೆಡದಿರಲೆಂದು ಕನ್ನಡ ಮೊದಲಾದ ಲಿಪಿಗಳಿಗೆ ಎತ್ತರ ಕುಗ್ಗಿಸಿದ ಅಕ್ಷರಶೈಲಿಗಳನ್ನು ಬಳಸಲಾಯಿತು. ‘ನೋಟೊ ಸಾನ್ಸ್ ಕನ್ನಡ’ಕ್ಕೆ ‘ಯುಐ’ ಎಂಬ ಹೆಸರಿನ ಪ್ರತ್ಯೇಕ ರೂಪವೊಂದು ಬಂದುದು ಇಂತಹ ಅಗತ್ಯದಿಂದಲೇ. ಅಂಗಿ ಹೊಂದಲೆಂದು ಮೈಯನ್ನು ಕುಗ್ಗಿಸಿದಂತಾಯಿತು. ಕುಗ್ಗಿಸದ ಅಕ್ಷರಗಳನ್ನು ಬಯಸುವ ತಂತ್ರಾಂಶಕಾರರು ಅದನ್ನು ಪ್ರತ್ಯೇಕವಾಗಿ ಕೇಳಿ ಪಡೆಯುವ ಅವಕಾಶ 2014ರ ಐದನೆಯ ಆವೃತ್ತಿಯಲ್ಲಿ ದೊರೆಯಿತು. 2024ರಲ್ಲಿ ಬಂದ 15ನೆಯ ಆವೃತ್ತಿಯನ್ನು ಉದ್ದೇಶಿಸಿ ಸಿದ್ಧಪಡಿಸಿದ ತಂತ್ರಾಂಶಗಳಲ್ಲಿ ಇದೇ ಸಹಜಸ್ಥಿತಿಯಾಯಿತು. ಕನ್ನಡ, ತೆಲುಗು, ತಮಿಳು, ಮಲಯಾಳಂ ಮುಂತಾದ ಲಿಪಿಗಳ ಅಕ್ಷರಗಳು ಈಗ ಓದಲು ಅನುಕೂಲವಾದ ಎತ್ತರದಲ್ಲಿ ಮೂಡುತ್ತವೆ, ಸಾಲಿನ ಎತ್ತರವೇ ಅವಕ್ಕೆ ತಕ್ಕಂತೆ ಹಿಗ್ಗುತ್ತದೆ. ಹತ್ತು ವರ್ಷಗಳ ಕಾಲ ಕೇಳಿ ಪಡೆಯಬೇಕಾಗಿದ್ದುದು ಕೇಳದೆಯೇ ದೊರೆಯುವಂತಾದುದು ಸಣ್ಣ ಸಂಗತಿಯಲ್ಲ.

ಉಪಸಂಹಾರ

ಈವರೆಗಿನ ವಿವೇಚನೆಯಿಂದ ತಿಳಿದುಬರುವ ಮುಖ್ಯಾಂಶಗಳು ಇಷ್ಟು. ಹೊದಿಕೆಯೆಂಬುದು ತಂತ್ರಾಂಶದ ಕ್ರಿಯೆಯಿಂದ ರೂಪವನ್ನು ಬೇರ್ಪಡಿಸಿದಾಗ ಒದಗುವ ಅವಕಾಶ. ಆ ಅವಕಾಶವನ್ನು ಚಿತ್ರದ ಅಳತೆಗಳಿಂದ ಬಿಗಿದರೆ ಕನ್ನಡದಂತಹ ಲಿಪಿ ಹೊರಗುಳಿಯುತ್ತದೆ, ಹಿಗ್ಗುವ ನಿಯಮಗಳಿಂದ ರೂಪಿಸಿದರೆ ಒಳಗೆ ಬರುತ್ತದೆ. ಕನ್ನಡವನ್ನು ಕೊನೆಯಲ್ಲಿ ಸೇರಿಸುವ ಬದಲು ಕನ್ನಡದ ಅತಿ ಕ್ಲಿಷ್ಟ ಅಕ್ಷರಗುಚ್ಛವನ್ನೇ ಮೊದಲ ಅಳತೆಗೋಲಾಗಿ ಇಟ್ಟುಕೊಂಡರೆ ಆ ಹೊದಿಕೆ ಉಳಿದ ಹಲವು ಲಿಪಿಗಳಿಗೂ ತಾನಾಗಿ ಒದಗುತ್ತದೆ.

ಹೆಬ್ಬಾಳದ ಆಸುಪಾಸಿನ ತಂತ್ರಜ್ಞಾನ ಸಂಕೀರ್ಣಗಳಲ್ಲಿ ಜಗತ್ತಿನ ನಾನಾ ದೇಶಗಳಿಗೆ ಬೇಕಾದ ತಂತ್ರಾಂಶಗಳು ಸಿದ್ಧವಾಗು‌ತ್ತಿವೆ. ಅಲ್ಲಿ ದುಡಿಯುವ ಕನ್ನಡ ಬಲ್ಲ ವಿನ್ಯಾಸಕಾರರು ತಾವು ರಚಿಸುವ ಪ್ರತಿ ಚೌಕಟ್ಟಿನೊಳಗೂ ಒಮ್ಮೆ ‘ಲಕ್ಷ್ಮಮ್ಮ’ ಎಂಬ ಹೆಸರನ್ನು ಬರೆದು ನೋಡುವ ಅಭ್ಯಾಸ ಇಟ್ಟುಕೊಳ್ಳಲಿ. ಭಾಷಾಶಾಸ್ತ್ರದ ಮತ್ತು ಗಣಕವಿಜ್ಞಾನದ ಸಂಶೋಧಕರು ಒಟ್ಟಾಗಿ ಇಂತಹ ಪರೀಕ್ಷಾಪದಗಳ ಪ್ರಮಾಣೀಕೃತ ಪಟ್ಟಿಯೊಂದನ್ನು ಸಿದ್ಧಪಡಿಸುವುದು ಈ ದಿಸೆಯಲ್ಲಿ ಕೈಗೊಳ್ಳಬಹುದಾದ, ಹೆಚ್ಚು ವೆಚ್ಚವಿಲ್ಲದ ಕೆಲಸ. ಆ ಪಟ್ಟಿಯಿದ್ದರೆ, ಸರ್ಕಾರಿ ಕಚೇರಿಗಳಿಗೆ ತಂತ್ರಾಂಶ ಪೂರೈಸುವವರು ಅದರಲ್ಲಿರುವ ಪದಗಳೆಲ್ಲವೂ ತಮ್ಮ ತೆರೆಗಳ ಮೇಲೆ ಪೂರ್ಣವಾಗಿ ಕಾಣುತ್ತವೆಂದು ತೋರಿಸಬೇಕೆಂಬ ಷರತ್ತನ್ನು ವಿಧಿಸಬಹುದು. ಕೌಂಟರಿನ ಆಚೆ ನಿಂತವರು ತಮ್ಮ ಹೆಸರನ್ನು ತಾವೇ ಓದಿಕೊಳ್ಳಲು ಅಷ್ಟಾದರೂ ಆಗಬೇಕಿದೆ.